ಓದುಗರ ಪ್ರಶ್ನೆ: ಹೈಸ್ಕೂಲಲ್ಲಿ ಮಣ್ಣು, ನೀರು, ಕಾಡಿನ ಪಾಠ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು, ಲೆಕ್ಕ ಸೈನ್ಸು ಎರಡ್ರಲ್ಲೂ ಮುಂದಿದಾಳೆ. ಈಗ ಕೃಷಿ ಮತ್ತು ನೈಸರ್ಗಿಕ ಸಂಪನ್ಮೂಲ ಅನ್ನೋ ಐಚ್ಛಿಕ ವಿಷಯನೇ ಬೇಕು ಅಂತ ಹಠ ಹಿಡಿದಿದಾಳೆ. ಅದು ಓದಕ್ಕಾಗದವ್ರು ತಗೊಳ್ಳೋ ಸಬ್ಜೆಕ್ಟು ಅಂತ ಮನೇಲಿ ಎಲ್ರೂ ಬೈತಿದಾರೆ. ಏನ್ ಮಾಡ್ಲಿ?

ಉತ್ತರ: ತಗೊಳ್ಲಿ ಬಿಡಿ, ಖುಷಿಯಿಂದ ಸೇರಿಸಿ. ಲೆಕ್ಕ ಸೈನ್ಸು ಚೆನ್ನಾಗಿ ಬರೋ ಮಕ್ಳಿಗೇ ಇದು ಜಾಸ್ತಿ ರುಚಿಸತ್ತೆ. 1 ಮಿಲಿಮೀಟರ್ ಮಳೆ ಬಂತು ಅಂದ್ರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು ಬಿತ್ತು ಅಂತ, ಅದೇ ಒಂದು ಹೆಕ್ಟೇರಿಗೆ 10,000 ಲೀಟರ್, ಅದ್ರಲ್ಲಿ ಇಂಗಿದ್ದೆಷ್ಟು ಹರಿದು ಹೋಗಿದ್ದೆಷ್ಟು ಅಂತ ಕೇಳಿದ್ರೆ ಅಲ್ಲೇ ಶುರುವಾಯ್ತು ಲೆಕ್ಕ. ದ್ವಿದಳ ಧಾನ್ಯದ ಗಿಡ ಕಿತ್ತು ಬೇರಿನ ಗಂಟು ಕುಯ್ದು ನೋಡಿದ್ರೆ ಒಳಗೆ ಗುಲಾಬಿ ಬಣ್ಣ ಇರತ್ತೆ, ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್ನಿನ ಜಾತಿಯದೇ ಒಂದು ಪ್ರೋಟೀನ್ ಅಲ್ಲಿದೆ. ಗಾಳೀಲಿರೋ ಸಾರಜನಕನ ಫ್ಯಾಕ್ಟರೀಲಿ ಗೊಬ್ಬರ ಮಾಡೋಕೆ ಹೇಬರ್ ಮತ್ತೆ ಬಾಷ್ ಅನ್ನೋ ಜರ್ಮನ್ ವಿಜ್ಞಾನಿಗಳು ಕಂಡುಹಿಡಿದ ವಿಧಾನಕ್ಕೆ 400 ಡಿಗ್ರಿಗಿಂತ ಜಾಸ್ತಿ ಕಾವು, ಭಾರೀ ಒತ್ತಡ ಎಲ್ಲಾ ಬೇಕು, ಆದ್ರೆ ಆ ಗಂಟಲ್ಲಿರೋ ರೈಜೋಬಿಯಂ ಬ್ಯಾಕ್ಟೀರಿಯಾ ಮಾಮೂಲಿ ಮಣ್ಣಿನ ಕಾವಲ್ಲೇ ಅದನ್ನ ಮಾಡಿ ಮುಗಿಸತ್ತೆ. ಇದು ಓದಕ್ಕಾಗದವರ ಸಬ್ಜೆಕ್ಟಾ ನೀವೇ ಹೇಳಿ. ಆದ್ರೆ ಒಂದು ಮಾತ್ರ ಸ್ಕೂಲಲ್ಲಿ ವಿಚಾರಿಸಿ, ವಾರಕ್ಕೆ ಎಷ್ಟು ಕ್ಲಾಸು ಮಕ್ಳು ಕೈ ಮಣ್ಣು ಮಾಡ್ಕೊತಾರೆ ಅಂತ. ಬರೀ ನೋಟ್ಸ್ ಬರೆಸ್ತಾರೆ ಅಂದ್ರೆ ನಾನೂ ಯೋಚನೆ ಮಾಡಿ ಅಂತಾನೇ ಹೇಳ್ತೀನಿ.

ಪ್ರಶ್ನೆ: ನಾನು ಈ ವಿಷಯ ಪಾಠ ಮಾಡೋ ಟೀಚರ್. ನಮ್ಮ ಸ್ಕೂಲಿಗೆ ಒಂದಡಿ ಜಮೀನೂ ಇಲ್ಲ, ಅಂಗಳ ಪೂರ್ತಿ ಸಿಮೆಂಟು. ಪ್ರಾಕ್ಟಿಕಲ್ ಹೇಗೆ ಮಾಡಿಸೋದು?

ಉತ್ತರ: ಜಮೀನಿಲ್ದೇನೂ ತುಂಬಾ ಆಗತ್ತೆ ಮೇಡಂ, ಬಾಟಲಿಯಿಂದ ಶುರು ಮಾಡಿ. ನೇರ ಗೋಡೆಯ ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಅಲ್ಲಾಡಿಸದೆ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರತ್ತೆ, ಮರಳಿಗಿಂತ ಸಣ್ಣ ಕಣದ ಗೋಡು ಸೇರೋಕೆ ಒಂದೆರಡು ಗಂಟೆ, ಎಲ್ಲಕ್ಕಿಂತ ಸಣ್ಣ ಕಣದ ಜೇಡಿಗೆ ಒಂದು ದಿನ, ಕೆಲವು ಸಲ ಅದಕ್ಕಿಂತ ಜಾಸ್ತಿ. ಪ್ರತಿ ಪದರ ಸ್ಕೇಲಲ್ಲಿ ಅಳೆದು ಶೇಕಡಾವಾರು ತೆಗೆಸಿ. ಒಬ್ಬೊಬ್ರೂ ಬೇರೆ ಬೇರೆ ಕಡೆ ಮಣ್ಣು ತಂದ್ರೆ ಸಾಲಾಗಿ ಬಾಟಲಿ ಇಟ್ಟಾಗ ಮಕ್ಳೇ ಜಗಳ ಶುರು ಮಾಡ್ತಾರೆ ಯಾಕೆ ನಂದು ಹೀಗೆ ನಿಂದು ಹಾಗೆ ಅಂತ. ಆ ಜಗಳಾನೇ ಪಾಠ, ಉತ್ತರ ಮೊದ್ಲೇ ಹೇಳ್ಬಿಡ್ಬೇಡಿ ದಯವಿಟ್ಟು.

ಆಮೇಲೆ ಒಣಗಿದ ಹೆಂಟೆ ತಗೊಂಡು ತಂತಿ ಜಾಲರಿ ಮೇಲಿಟ್ಟು ನೀರಲ್ಲಿ ಮುಳುಗಿಸಿ. ಪದೇ ಪದೇ ಉತ್ತ ಬರಡು ಮಣ್ಣು ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಕರಗಿ ಬೀಳತ್ತೆ, ಹುಲ್ಲು ಮರದ ಕೆಳಗಿನ ಮಣ್ಣು ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ಬೇರು ಶಿಲೀಂಧ್ರ ಬಿಡೋ ಅಂಟು ಅದನ್ನ ಕಟ್ಟಿ ಹಾಕಿರತ್ತಲ್ಲ. ಮಳೆಗೆ ಮಣ್ಣು ಕೊಚ್ಚಿ ಹೋಗೋದು ಯಾಕೆ ಅಂತ ಇದಕ್ಕಿಂತ ಚೆನ್ನಾಗಿ ತೋರ್ಸೋ ಪ್ರಯೋಗ ನಂಗೆ ಗೊತ್ತಿಲ್ಲ.

ಬಕೆಟಲ್ಲಿ ಕಾಂಪೋಸ್ಟ್ ಮಾಡಿಸ್ತೀರಾದ್ರೆ ಒಂದು ಎಚ್ಚರಿಕೆ, ಪುಸ್ತಕದಲ್ಲಿರೋ 55ರಿಂದ 65 ಡಿಗ್ರಿ ಕಾವು ಬರ್ಬೇಕು ಅಂದ್ರೆ ರಾಶಿ ಸುಮಾರು ಒಂದು ಘನ ಮೀಟರ್ ಇರ್ಬೇಕು, ಚಿಕ್ಕ ಬಕೆಟಲ್ಲಿ ಶಾಖ ನಿಲ್ಲಲ್ಲ. ಅದನ್ನ ಮೊದ್ಲೇ ಹೇಳದಿದ್ರೆ ಮಕ್ಳು ನಮ್ದು ಕೆಟ್ಟೋಯ್ತು ಅಂತ ಬೇಜಾರು ಮಾಡ್ಕೊತಾರೆ.

ಇನ್ನು ನೈಸರ್ಗಿಕ ಸಂಪನ್ಮೂಲದ ಭಾಗನ ಎಲ್ರೂ ಮರೀತಾರೆ. ಹತ್ತಿರ ಇರೋ ನಾಲ್ಕು ಮರ ಸಾಕು, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ಅಳೆದು ತಾರೀಖು ಹಾಕಿ ಬರೆಸಿ, ಪುಸ್ತಕ ಮುಂದಿನ ಬ್ಯಾಚಿಗೆ ಕೊಡಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಅನ್ನೋ ಹೊಲದ ಗೋಧಿ ಪ್ರಯೋಗ 1843ರಲ್ಲಿ ಶುರುವಾಗಿ ಇವತ್ತಿಗೂ ನಡೀತಿದೆ. ಮಣ್ಣು ಮರ ಎಲ್ಲ ನಿಧಾನಕ್ಕೆ ಬದಲಾಗೋದು, ಒಂದು ವರ್ಷದ ಕ್ಲಾಸಿಗೆ ಅದು ಕಾಣಲ್ಲ, ಹತ್ತು ಬ್ಯಾಚಿನ ಪುಸ್ತಕಕ್ಕೆ ಕಾಣತ್ತೆ.

ಪ್ರಶ್ನೆ: ನಮ್ಮನೇಲಿ ಜಮೀನಿಲ್ಲ, ನಾನು ರೈತನೂ ಆಗಲ್ಲ. ಈ ಕ್ಲಾಸಿಂದ ನಂಗೇನು ಉಪಯೋಗ?

ಉತ್ತರ: ಮಣ್ಣು ಪರೀಕ್ಷೆ ಲ್ಯಾಬು, ಅರಣ್ಯ, ಮೀನುಗಾರಿಕೆ, ಪಶುವೈದ್ಯ, ಬೀಜ ತಳಿ, ಉಪಗ್ರಹ ಚಿತ್ರ ನೋಡಿ ಬೆಳೆ ಅಂದಾಜು ಮಾಡೋದು, ದಾರಿ ತುಂಬಾ ಇದೆ ಪುಟ್ಟ. ಪ್ರಪಂಚದಲ್ಲಿ ಮನುಷ್ಯರು ಎತ್ತಿ ಬಳಸೋ ಸಿಹಿನೀರಲ್ಲಿ ಸುಮಾರು ಶೇ. 70 ಕೃಷಿಗೇ ಹೋಗತ್ತೆ, ಹಾಗಾಗಿ ನೀನು ನಾಳೆ ಎಂಜಿನಿಯರ್ ಆದ್ರೂ ನೀರಿನ ಲೆಕ್ಕ ಮಾಡೋವಾಗ ಹೊಲದ ಲೆಕ್ಕ ಬಂದೇ ಬರತ್ತೆ. ಯಾವುದು ಇಷ್ಟ ಅಂತ ಈಗ ಗೊತ್ತಾಗ್ತಿಲ್ಲ ಅಂದ್ರೆ ಮೊದಲ ಪ್ರಾಜೆಕ್ಟಿಗೆ ನೀರಿನ ವಿಷಯನೇ ಆರಿಸ್ಕೋ, ಒಂದು ಮಳೆ ಮಾಪಕ ನೀನೇ ಮಾಡ್ಕೊಂಡು ದಿನಾ ಬೆಳಿಗ್ಗೆ ಒಂದೇ ಟೈಮಿಗೆ ಓದಿ ಬರೀತಾ ಹೋಗು.