ಜಾಡಿಯೊಳಗೆ ಭೂಮಿ ಹಿಡಿಸುತ್ತಾ?

ಪ್ರಶ್ನೆ: ಮಗಳ ಶಾಲೆಯ ವಿಜ್ಞಾನ ಮೇಳಕ್ಕೆ ಎರಡು ಗಾಜಿನ ಜಾಡಿ ಇಟ್ಟು ಪ್ರಯೋಗ ಮಾಡಿದೆವು. ಒಂದರಲ್ಲಿ ಮಾಮೂಲಿ ಗಾಳಿ. ಇನ್ನೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದಾಗ ಬರುವ ಕಾರ್ಬನ್ ಡೈಆಕ್ಸೈಡ್. ಬಾಯಿ ತೆರೆದೇ ಬಲ್ಬಿನ ಕೆಳಗೆ ಇಟ್ಟರೆ ಎರಡನೆಯದು ಜಾಸ್ತಿ ಬಿಸಿಯಾಯಿತು. ನಮ್ಮ ಭಾವ ಮಾತ್ರ, "ಇದೆಲ್ಲ ಸುಮ್ನೆ ಮಕ್ಕಳಾಟ, ಹವಾಮಾನ ಬದಲಾವಣೆಯನ್ನ ಪ್ರಯೋಗ ಮಾಡಿ ತೋರಿಸೋಕೆ ಆಗಲ್ಲ" ಅಂತಾರೆ. ನಿಜವೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಭಾವನವರು ಅರ್ಧ ಸರಿ. ಆದರೆ ಅವರು ಅಂದುಕೊಂಡ ಅರ್ಧ ಅಲ್ಲ.

ಮೊದಲು ಜಾಡಿ ವಿಷಯ. ಬೇಜಾರು ಮಾಡ್ಕೋಬೇಡಿ, ಅದು ಬಿಸಿಯಾಗಿದ್ದು ಹಸಿರುಮನೆ ಪರಿಣಾಮದಿಂದ (ಅಂದರೆ ಅನಿಲ ಶಾಖಕಿರಣಗಳನ್ನು ತಡೆದು ಹಿಡಿಯುವುದರಿಂದ) ಅಲ್ಲ, ಬಹುಪಾಲು ಅನಿಲದ ಭಾರದಿಂದ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹಾಗಾಗಿ ಜಾಡಿಯ ತಳದಲ್ಲೇ ಕೂತಿರುತ್ತದೆ, ಬಿಸಿಯಾದರೂ ಮೇಲೆದ್ದು ಹೊರಗಿನ ಗಾಳಿಯ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ, ಶಾಖ ಒಳಗೇ ಉಳಿಯುತ್ತದೆ. ಅದೇ ಜಾಗಕ್ಕೆ ಆರ್ಗಾನ್ ಅನ್ನುವ ಅನಿಲ ತುಂಬಿ ನೋಡಿದವರಿದ್ದಾರೆ. ಆರ್ಗಾನ್ ಹಸಿರುಮನೆ ಅನಿಲವೇ ಅಲ್ಲ, ಆದರೆ ಗಾಳಿಗಿಂತ ಭಾರ. ಅದೂ ಹೆಚ್ಚುಕಮ್ಮಿ ಹಾಗೇ ಬಿಸಿಯಾಯಿತು! ಗಣಿತದಲ್ಲಿ ಉತ್ತರ ಸರಿ ಬಂದು ಲೆಕ್ಕ ಬಿಡಿಸಿದ ದಾರಿ ತಪ್ಪಾಗಿರುತ್ತದಲ್ಲ, ಹಾಗೆ.

ಹಾಗಂತ ಅಸಲಿ ಪ್ರಯೋಗ ಇಲ್ಲ ಅಂತಲ್ಲ. ಅದನ್ನು 1859ರಲ್ಲೇ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಅನ್ನುವ ವಿಜ್ಞಾನಿ ಮಾಡಿದರು. ಉದ್ದನೆಯ ಹಿತ್ತಾಳೆ ಕೊಳವೆ, ಒಂದು ಕಡೆ ಕುದಿಯುವ ನೀರಿನ ಪಾತ್ರೆ, ಇನ್ನೊಂದು ಕಡೆ ಶಾಖ ಅಳೆಯುವ ಉಪಕರಣ. ಕೊಳವೆಯ ಎರಡು ತುದಿ ಮುಚ್ಚಿದ್ದು ಗಾಜಿನಿಂದ ಅಲ್ಲ, ಉಪ್ಪಿನ ಬಿಲ್ಲೆಯಿಂದ! ನಾವು ಉಪವಾಸದ ದಿನ ಅಡುಗೆಗೆ ಹಾಕುವ ಸೈಂಧವ ಲವಣದ ಜಾತಿಯದೇ. ಬಿಸಿ ವಸ್ತುಗಳಿಂದ ಹೊರಡುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಗಾಜು ತಡೆದುಬಿಡುತ್ತದೆ, ಸೈಂಧವ ಬಿಡುತ್ತದೆ. ಕೊಳವೆಗೆ ಆಮ್ಲಜನಕ, ಸಾರಜನಕ ತುಂಬಿದಾಗ ಶಾಖ ಸಲೀಸಾಗಿ ದಾಟಿತು, ನೀರಾವಿ, ಕಾರ್ಬನ್ ಡೈಆಕ್ಸೈಡ್ ತುಂಬಿದಾಗ ತಡೆಯಾಯಿತು. ಇದಕ್ಕೆ ಮೂರು ವರ್ಷ ಮೊದಲೇ ಅಮೆರಿಕದ ಯೂನಿಸ್ ಫುಟ್ ಅನ್ನುವ ಹೆಂಗಸು ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಕಾರ್ಬನ್ ಡೈಆಕ್ಸೈಡ್ ಇದ್ದದ್ದೇ ಎಲ್ಲಕ್ಕಿಂತ ಬಿಸಿಯಾಗಿದ್ದನ್ನು ಕಂಡಿದ್ದರು. ಅವರ ಹೆಸರು ಬಹಳ ಕಾಲ ಯಾರಿಗೂ ನೆನಪಿರಲಿಲ್ಲ, ಅದು ಬೇರೆ ಕಥೆ.

ಅಂದರೆ ತುಂಡು ತುಂಡಾಗಿ ಪ್ರಯೋಗ ಆಗುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಕಾಡಿನ ನಡುವಿನ ಒಂದು ಜೌಗು ನೆಲದ ಮೇಲೆ ಹನ್ನೆರಡು ಮೀಟರ್ ಅಗಲದ, ಮೇಲೆ ತೆರೆದ ಹತ್ತು ಕೋಣೆ ಕಟ್ಟಿದ್ದಾರೆ. ಎರಡೆರಡರಲ್ಲಿ ಒಂದೊಂದು ಬಿಸಿ, ಕೆಲವದರಲ್ಲಿ 9 ಡಿಗ್ರಿವರೆಗೂ ಹೆಚ್ಚು. ಬಿಸಿ ಏರಿದಷ್ಟೂ ಸಾವಿರಾರು ವರ್ಷದಿಂದ ಆ ನೆಲ ಹಿಡಿದಿಟ್ಟುಕೊಂಡ ಇಂಗಾಲ ಹೊರಬಿತ್ತು.

ಆದರೆ ಇಡೀ ಹವಾಮಾನ? ಸಮುದ್ರ, ಹಿಮ, ಮೋಡ, ನಮ್ಮ ಮುಂಗಾರು ಎಲ್ಲ ಸೇರಿ? ಅದಕ್ಕೆ ಇನ್ನೊಂದು ಭೂಮಿ ಬೇಕು, ಅಲ್ವಾ? ಇಲ್ಲಿ ಭಾವ ಸರಿ. ಹಾಗಾಗಿ ಕಂಪ್ಯೂಟರಿನಲ್ಲಿ ಭೂಮಿ ಕಟ್ಟುತ್ತಾರೆ. 1967ರಲ್ಲಿ ಹವಾಮಾನ ವಿಜ್ಞಾನಿ ಸುಕುರೊ ಮನಾಬೆ ಮತ್ತು ಸಂಗಡಿಗರೊಬ್ಬರು ನೆಲದಿಂದ ಆಕಾಶದವರೆಗಿನ ಬರೀ ಒಂದು ಗಾಳಿಯ ಕಂಬವನ್ನು ಲೆಕ್ಕಕ್ಕಿಳಿಸಿ, ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ಸುಮಾರು 2 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ ಅಂದರು. 2021ರಲ್ಲಿ ಮನಾಬೆಗೆ ನೊಬೆಲ್ ಬಂತು. ಈಗ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲೂ ನಮ್ಮದೇ ಇಂಥ ಒಂದು ಕಂಪ್ಯೂಟರ್ ಮಾದರಿ ಇದೆ.

"ಕಂಪ್ಯೂಟರ್ ಹೇಳಿದ್ದನ್ನೆಲ್ಲ ನಂಬೋದಾ?" ಅಂತ ಭಾವ ಮುಂದಿನ ಪ್ರಶ್ನೆ ಹಾಕೇ ಹಾಕುತ್ತಾರೆ. 1991ರ ಜೂನ್‌ನಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಅನಿಲ ಆಕಾಶದ ಮೇಲಿನ ಪದರಕ್ಕೆ ಹೋಯಿತು. ಅದು ಹರಡಿ ಬಿಸಿಲನ್ನು ಸ್ವಲ್ಪ ತಡೆಯುತ್ತದೆ, ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತದೆ, ಆಮೇಲೆ ಮತ್ತೆ ಏರುತ್ತದೆ ಅಂತ ಅಮೆರಿಕದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸೆನ್ ತಂಡ ತಮ್ಮ ಮಾದರಿ ಓಡಿಸಿ 1992ರ ಜನವರಿಯಲ್ಲೇ ಅಚ್ಚುಹಾಕಿಸಿತು. ಹೆಚ್ಚುಕಮ್ಮಿ ಹಾಗೇ ಆಯಿತು. ಪ್ರಶ್ನೆಪತ್ರಿಕೆ ಕೊಟ್ಟಿದ್ದು ಜ್ವಾಲಾಮುಖಿ, ಯಾರೂ ಮೊದಲೇ ನೋಡಿರಲಿಲ್ಲ.

ಮಗಳಿಗೆ ಬಹುಮಾನ ಬಂದಿದ್ದರೆ ವಾಪಸ್ ಕೊಡಬೇಕಾಗಿಲ್ಲ. ಚಾರ್ಟಿನ ಕೆಳಗೆ ಆರ್ಗಾನ್ ವಿಷಯ ಒಂದು ಸಾಲು ಬರೆಯಲಿ, ಸಾಕು.