ಎಂಎಸ್‌ಡಬ್ಲ್ಯೂ ಓದಲೇ, ಎಂಬಿಎ ಓದಲೇ? ಎಚ್‌ಆರ್ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಬಿಎ ಮುಗಿಸಿದ್ದೇನೆ, ಶೇ 61 ಅಂಕ ಬಂದಿದೆ. ಎಚ್‌ಆರ್ (ಮಾನವ ಸಂಪನ್ಮೂಲ, ಅಂದರೆ ಸಿಬ್ಬಂದಿ ವಿಭಾಗದ) ಕೆಲಸಕ್ಕೆ ಹೋಗುವ ಆಸೆ. ‘ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ್ರೆ ಎನ್‌ಜಿಒ ಕೆಲಸವೇ ಗತಿ, ಎಂಬಿಎ ಮಾಡು’ ಅಂತ ಎಲ್ಲರೂ ಹೇಳುತ್ತಾರೆ. ಸಾಲ ಮಾಡಿಯಾದರೂ ಓದಿಸ್ತೀನಿ ಅಂತ ಅಪ್ಪ ಹೇಳುತ್ತಿದ್ದಾರೆ. ಇಂಗ್ಲಿಷ್ ಓದಿ ಬರೆಯಲು ಬರುತ್ತದೆ, ಮಾತಾಡಲು ಧೈರ್ಯ ಸಾಲದು. ಯಾವುದು ಸರಿ?

ಉತ್ತರ: ಮೊದಲು ಸಾಲದ ವಿಷಯ. ಹೆಸರೇ ಕೇಳಿರದ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಅಪ್ಪ ಸಾಲ ಮಾಡುವುದು ದಯವಿಟ್ಟು ಬೇಡ. ಎಂಬಿಎಯೇ ಬೇಕೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಿರಿ, ಒಳ್ಳೆಯ ರ್‍ಯಾಂಕ್ ಬಂದರೆ ಸರ್ಕಾರಿ ಕೋಟಾದ ಸೀಟು ತೆಗೆದುಕೊಳ್ಳಿ. ಆದರೆ ನಿಮ್ಮ ಪತ್ರ ಓದಿದ ಮೇಲೆ ನನ್ನ ಒಲವು ಎಂಎಸ್‌ಡಬ್ಲ್ಯೂ ಕಡೆಗೇ ಇದೆ. ಯಾಕೆ ಅಂತ ಹೇಳುತ್ತೇನೆ.

ಎಚ್‌ಆರ್ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಬೆಂಗಳೂರಿನ ಐಟಿ ಕಂಪನಿಯ ಗಾಜಿನ ಕಟ್ಟಡ. ಅಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ರಿಕ್ರೂಟ್‌ಮೆಂಟ್ ಕೆಲಸ. ದಿನವಿಡೀ ರೆಸ್ಯೂಮೆ ಹುಡುಕುವುದು, ಫೋನ್ ಮಾಡುವುದು, ಇಂಟರ್‌ವ್ಯೂ ಗೊತ್ತು ಮಾಡುವುದು, ತಿಂಗಳ ಟಾರ್ಗೆಟ್ ಮುಟ್ಟುವುದು. ಅದಕ್ಕೆ ಮಾತಿನ ಇಂಗ್ಲಿಷ್ ಬೇಕೇ ಬೇಕು. ಇನ್ನೊಂದು ಎಚ್‌ಆರ್ ಇದೆ. ಪೀಣ್ಯ, ಬೊಮ್ಮಸಂದ್ರ, ಬಿಡದಿ, ದೊಡ್ಡಬಳ್ಳಾಪುರ, ನಂಜನಗೂಡು, ನಿಮಗೆ ಹತ್ತಿರದ ಹುಬ್ಬಳ್ಳಿ–ಧಾರವಾಡದ ಕಾರ್ಖಾನೆಗಳಲ್ಲಿ ನಡೆಯುವಂಥದ್ದು. ಟೈಮ್ ಆಫೀಸ್ (ಕಾರ್ಮಿಕರ ಹಾಜರಿ ನೋಡಿಕೊಳ್ಳುವ ಕಚೇರಿ), ಹಾಜರಿ, ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಕ್ಯಾಂಟೀನ್, ಕಾಂಟ್ರಾಕ್ಟ್ ಕಾರ್ಮಿಕರು, ಯೂನಿಯನ್ ಜೊತೆ ಮಾತುಕತೆ, ಎಲ್ಲ ಅಲ್ಲಿರುತ್ತದೆ. ಶಿಫ್ಟ್ ಮುಗಿಸಿ ಬಂದು ‘ಮೇಡಂ, ನನ್ನ ಓಟಿ ದುಡ್ಡು ಬಂದಿಲ್ಲ’ ಅನ್ನುವವರ ಮಾತನ್ನು ಅವರ ಭಾಷೆಯಲ್ಲೇ ಕೇಳಿ ಬಗೆಹರಿಸುವವರು ಅಲ್ಲಿಗೆ ಬೇಕು. ಇಲ್ಲಿ ನಿಮ್ಮ ಕನ್ನಡವೇ ದೊಡ್ಡ ಬಲ.

ಈ ಕೆಲಸ ಸರಿಯಾಗಿ ನಡೆಯದಿದ್ದರೆ ಏನಾಗುತ್ತದೆ ಅನ್ನುವುದನ್ನು ಕೋಲಾರದ ನರಸಾಪುರದಲ್ಲಿ ನೋಡಿದ್ದೇವೆ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರು ಸಿಡಿದೆದ್ದರು, ದಾಂಧಲೆಯಾಯಿತು. ಕಾರ್ಖಾನೆಗಳ ಇಲಾಖೆ ನಂತರ ಕೊಟ್ಟ ವರದಿಯಲ್ಲಿ ಕಂಡ ಲೋಪಗಳನ್ನು ಗಮನಿಸಿ. ಕಾರ್ಮಿಕರ ಸಂಖ್ಯೆ ಕಡಿಮೆ ಸಮಯದಲ್ಲಿ 10,000 ದಾಟಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕಾರ್ಮಿಕ ಕಾನೂನು ಚೆನ್ನಾಗಿ ಗೊತ್ತಿರುವ ಸಿಬ್ಬಂದಿ ಎಚ್‌ಆರ್ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಹಾಜರಿ ತಪ್ಪಿದರೆ ಸಂಬಳ ತಪ್ಪುತ್ತದೆ, ಸಂಬಳ ತಪ್ಪಿದರೆ ಊರಲ್ಲಿ ಕಾಯುತ್ತಿರುವ ಮನೆಯವರ ಲೆಕ್ಕವೆಲ್ಲ ತಪ್ಪುತ್ತದೆ. ಅದಕ್ಕೇ ಈ ಕೆಲಸವನ್ನು ನಾನು ಬರೀ ಆಫೀಸ್ ಕೆಲಸ ಅಂದುಕೊಂಡಿಲ್ಲ.

ಎಂಎಸ್‌ಡಬ್ಲ್ಯೂ ಅಂದರೆ ಎನ್‌ಜಿಒ ಮಾತ್ರ ಅನ್ನುವುದು ತಪ್ಪು ತಿಳಿವಳಿಕೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಸಮಾಜಕಾರ್ಯ ಓದಿದವರು ಆ ಹುದ್ದೆಗಳಿಗೆ ಮೊದಲಿನಿಂದಲೂ ಹೋಗುತ್ತಿದ್ದಾರೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಮಿತಿ 250ಕ್ಕೆ ಇಳಿದಿದೆ. ಅಂದರೆ ಜಾಸ್ತಿ ಕಾರ್ಖಾನೆಗಳಿಗೆ ಇಂಥವರು ಬೇಕು. ಹುದ್ದೆಯ ಅರ್ಹತೆಯನ್ನು ರಾಜ್ಯದ ನಿಯಮ ಹೇಳುತ್ತದೆ. ಕೋರ್ಸ್ ಸೇರುವ ಮುಂಚೆ ಅದನ್ನೊಮ್ಮೆ ನೋಡಿ. ಎಂಬಿಎ ಸೇರುವವರಂತೂ ಅದು ಈ ಹುದ್ದೆಗೆ ಸಲ್ಲುತ್ತದೆಯೇ ಅಂತ ನೋಡಲೇಬೇಕು.

ಎಂಎಸ್‌ಡಬ್ಲ್ಯೂನಲ್ಲಿ ಕ್ಲಾಸಿನ ಜೊತೆಗೆ ಫೀಲ್ಡ್‌ವರ್ಕ್ ಇರುತ್ತದೆ, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಸಂಸ್ಥೆಯಲ್ಲಿ ಸತತವಾಗಿ ಕೆಲವು ವಾರ ಕೆಲಸ ಕಲಿಯುವುದು. ಅದನ್ನು ಸುಮ್ನೆ ಸಹಿ ಹಾಕಿಸಿಕೊಂಡು ಬರುವ ಶಾಸ್ತ್ರ ಮಾಡಿಕೊಳ್ಳಬೇಡಿ. ಕಾರ್ಖಾನೆಯಲ್ಲೇ ಅವಕಾಶ ಕೇಳಿ, ಟೈಮ್ ಆಫೀಸಿನಲ್ಲಿ ಕೂತು ಕಲಿಯಿರಿ. ಸೇರುವಾಗ ಆ ಕಾಲೇಜಿನಲ್ಲಿ ಎಚ್‌ಆರ್ ವಿಶೇಷ ವಿಷಯ ಇದೆಯಾ, ಕಳೆದ ವರ್ಷದ ವಿದ್ಯಾರ್ಥಿಗಳು ಫೀಲ್ಡ್‌ವರ್ಕ್‌ಗೆ ಎಲ್ಲಿಗೆ ಹೋಗಿದ್ದರು ಅಂತ ವಿಚಾರಿಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನಿಮಗೆ ಹತ್ತಿರ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳು, ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ ಕೂಡ ಇವೆ. ಹಾಸ್ಟೆಲ್, ವಿದ್ಯಾಸಿರಿ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಸಿಗುವ ವಿದ್ಯಾರ್ಥಿವೇತನಕ್ಕೆ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿ.

ಇಂಟರ್‌ವ್ಯೂನಲ್ಲಿ ಹೊಸಬರನ್ನು ನಿಲ್ಲಿಸಿಬಿಡುವ ಒಂದು ಪ್ರಶ್ನೆ ಹೇಳುತ್ತೇನೆ. ‘ಒಬ್ಬರಿಗೆ ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಸೇರಿ 14,000 ರೂಪಾಯಿ, ಬೇರೆ ಭತ್ಯೆ ಇಲ್ಲ. ಕೈಗೆ ಎಷ್ಟು ಬರುತ್ತೆ?’ ಪಿಎಫ್ ಶೇ 12, ಅಂದರೆ 1,680. ಇಎಸ್‌ಐ ಶೇ 0.75, ಅಂದರೆ 105. ಎರಡನ್ನೂ ಕಳೆದರೆ 12,215. ಕಂಪನಿಯೂ ಪಿಎಫ್‌ಗೆ 1,680 ಹಾಕಬೇಕು. ಅದರಲ್ಲಿ ವೇತನದ ಶೇ 8.33ರಷ್ಟು ಪಿಂಚಣಿಗೆ ಹೋಗುತ್ತದೆ. ಇಎಸ್‌ಐಗೆ ಕಂಪನಿಯ ಪಾಲು ಶೇ 3.25, ಅಂದರೆ 455. ಮ್ಯಾನೇಜ್‌ಮೆಂಟ್ ಥಿಯರಿಗಳನ್ನೆಲ್ಲ ಬಾಯಿಪಾಠ ಮಾಡಿದವರೂ ಈ ಲೆಕ್ಕಕ್ಕೆ ತಡವರಿಸುತ್ತಾರೆ. ನಿಮಗೆ ಇದು ಬಂದರೆ, ಎಕ್ಸೆಲ್‌ನಲ್ಲಿ ಇದನ್ನೇ 200 ಜನರಿಗೆ ಮಾಡಿ ತೋರಿಸಿದರೆ, ನಿಮ್ಮ ಇಂಗ್ಲಿಷ್ ಎಡವಿದರೂ ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷ್ ಬಿಡಿ ಅಂತ ಹೇಳುತ್ತಿಲ್ಲ. ಎರಡು ವರ್ಷ ಇದೆ, ದಿನಾ ಗೆಳತಿಯ ಜೊತೆ ಸ್ವಲ್ಪ ಹೊತ್ತು ಮಾತಾಡಿ. ಮೇಲಿನ ಹುದ್ದೆಗಳಿಗೆ ಹೋಗಲು ಅದು ಬೇಕಾಗುತ್ತದೆ.

ಓದು ಮುಗಿದ ಮೇಲೆ ‘ಕೆಲಸ ಕೊಡಿಸ್ತೀವಿ, ಮೊದಲು ದುಡ್ಡು ಕಟ್ಟಿ’ ಅನ್ನುವ ಕನ್ಸಲ್ಟೆನ್ಸಿಗಳಿಂದ ಫೋನ್ ಬರುತ್ತದೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ನಾನು ತುಮಕೂರಿನವನು, ಬಿಕಾಂ ಆಗಿದೆ. ಪೀಣ್ಯದ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಪೇರೋಲ್ (ಸಂಬಳ ಲೆಕ್ಕದ) ಅಸಿಸ್ಟೆಂಟ್. ಪಿಜಿ ಇಲ್ಲ ಅಂತ ಪ್ರಮೋಷನ್ ನಿಂತಿದೆ. ಕೆಲಸ ಬಿಟ್ಟು ಎಂಬಿಎ ಸೇರಲೇ?

ಉತ್ತರ: ಬಿಡಬೇಡಿ. ಪೇರೋಲ್ ಅನುಭವ ಸುಲಭವಾಗಿ ಸಿಗುವಂಥದ್ದಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಎಂಬಿಎ ಓದಬಹುದು. ಬೇರೆಲ್ಲಾದರೂ ಆನ್‌ಲೈನ್ ಅಥವಾ ದೂರಶಿಕ್ಷಣದ ಕೋರ್ಸ್ ಸೇರುವುದಾದರೆ ಆ ಕೋರ್ಸಿಗೆ, ಆ ವರ್ಷಕ್ಕೆ ಯುಜಿಸಿ ಮಾನ್ಯತೆ ಇದೆಯಾ ಅಂತ ಯುಜಿಸಿ ವೆಬ್‌ಸೈಟಿನಲ್ಲೇ ನೋಡಿ. ಜಾಹೀರಾತು ನಂಬಬೇಡಿ.

ಡಿಗ್ರಿ ಬರುವವರೆಗೆ ಕಾಯದೆ ಒಂದು ಕೆಲಸ ಮಾಡಿ. 29 ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಸಂಹಿತೆಗಳು ಬಂದಿವೆ. ವೇತನ ಅಂದರೆ ಯಾವುದು ಅನ್ನುವ ವ್ಯಾಖ್ಯೆಯೇ ಬದಲಾಗಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಇದರಿಂದ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಸಿಗುವ ಹಣ) ಲೆಕ್ಕವೂ ಬದಲಾಗುತ್ತದೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬಂದಿದೆ. ನಿಮ್ಮ ಕಂಪನಿಯ ಹಳೆಯ ಸ್ಯಾಲರಿ ಸ್ಟ್ರಕ್ಚರ್ ತೆಗೆದು, ಹೊಸ ನಿಯಮಕ್ಕೆ ಏನೇನು ಬದಲಾಗಬೇಕು ಅಂತ ಒಂದು ಪಟ್ಟಿ ಮಾಡಿ ಮ್ಯಾನೇಜರ್ ಮುಂದಿಡಿ. ಪ್ರಮೋಷನ್ ಮಾತಿಗೆ ಅದಕ್ಕಿಂತ ಒಳ್ಳೆಯ ಶುರು ಸಿಗುವುದಿಲ್ಲ.

ಪ್ರಶ್ನೆ: ಎಚ್‌ಆರ್ ಓದಿದವರಿಗೆ ಸರ್ಕಾರಿ ಕೆಲಸ ಇದೆಯೇ? (ಶಿವಮೊಗ್ಗದ ಓದುಗರು)

ಉತ್ತರ: ಇದೆ, ಆದರೆ ಹುದ್ದೆಗಳು ಕಡಿಮೆ. ಸಾರ್ವಜನಿಕ ವಲಯದ ಕಂಪನಿಗಳು ಎಚ್‌ಆರ್ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತವೆ. ಕೆಲವು ಕಂಪನಿಗಳು ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಅಂಕ ನೋಡಿದ್ದೂ ಇದೆ. ನೆಟ್‌ನಲ್ಲಿ ಕಾರ್ಮಿಕ ಕಲ್ಯಾಣ ಮತ್ತು ಮಾನವ ಸಂಪನ್ಮೂಲಕ್ಕೆ 55ನೇ ನಂಬರಿನ ವಿಷಯವಿದೆ. ಸಾಮಾನ್ಯ ವರ್ಗದವರಿಗೆ ಪಿಜಿಯಲ್ಲಿ ಶೇ 55 ಬೇಕು. ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡುವ ದಾರಿಯೂ ತೆರೆಯುತ್ತದೆ. ಪಿಎಫ್ ಸಂಸ್ಥೆಯ ಎನ್‌ಫೋರ್ಸ್‌ಮೆಂಟ್ ಆಫೀಸರ್ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ನಡೆಸುತ್ತದೆ. ಯಾವ ಡಿಗ್ರಿಯಾದರೂ ಸಾಕು, ಕಾರ್ಮಿಕ ಕಾನೂನು ಅದರ ಪಠ್ಯದಲ್ಲೇ ಇದೆ. ಆ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಹಾಗಾಗಿ ಅದೊಂದನ್ನೇ ನೆಚ್ಚಿಕೊಂಡು ಮನೆಯಲ್ಲಿ ಕೂರಬೇಡಿ. ಒಂದು ಕೆಲಸಕ್ಕೆ ಸೇರಿಕೊಂಡೇ ತಯಾರಿ ನಡೆಸಿ.