ಹಳೆಯ ಅಡಕೆ ತೋಟಕ್ಕೆ ಕಾರ್ಬನ್ ಹಣ ಸಿಗುತ್ತದೆಯೇ?

ಕಾಸರಗೋಡಿನ ಪೆರ್ಲ ಕಡೆಯ ಓದುಗರೊಬ್ಬರ ಪತ್ರದ ಸಾರ: "ನಮ್ಮದು ಒಂದೆಕ್ರೆ ಅಡಕೆ ತೋಟ, 30 ವರ್ಷದ ಕಂಗುಗಳು. ಕಾರ್ಬನ್ ಕ್ರೆಡಿಟ್ ಮಾಡಿಸಿಕೊಡುತ್ತೇವೆಂದು ಏಜೆಂಟರೊಬ್ಬರು ಬಂದು 25 ವರ್ಷದ ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರೆ. ಜೀಪಿಗೆ ತಿಂಗಳಿಗೆ 40 ಲೀಟರ್ ಡೀಸೆಲ್, ಎರಡು ತಿಂಗಳಿಗೊಮ್ಮೆ ಮನೆ, ಪಂಪು ಸೇರಿ 600 ಯೂನಿಟ್ ಕರೆಂಟು, ವರ್ಷಕ್ಕೆ 9 ಸಿಲಿಂಡರ್, 4 ಚೀಲ ಯೂರಿಯಾ. ಇಷ್ಟನ್ನು ತೋಟವೇ ಸರಿದೂಗಿಸುವುದಿಲ್ಲವೇ? ಗೋಬರ್ ಗ್ಯಾಸ್, ಸೋಲಾರ್ ಬೇಕೇ?"

ಸಂಪಾದಕರ ಉತ್ತರ:

ನಮಸ್ಕಾರ. ಸದ್ಯಕ್ಕೆ ಸಹಿ ಹಾಕಬೇಡಿ. ಮೊದಲು ನಿಮ್ಮ ಹೊಗೆಯ ಲೆಕ್ಕ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ನಿಮ್ಮ ಜೀಪಿನದು ವರ್ಷಕ್ಕೆ 1.3 ಟನ್ ಆಯಿತು. ದೇಶದ ಗ್ರಿಡ್ಡಿನಲ್ಲಿ ಕಲ್ಲಿದ್ದಲೇ ಹೆಚ್ಚು, ಯೂನಿಟ್ಟಿಗೆ 0.7 ಕೆಜಿ ಹಿಡಿದರೆ ಕರೆಂಟಿನದು 2.5 ಟನ್. 14.2 ಕೆಜಿಯ ಸಿಲಿಂಡರೊಂದಕ್ಕೆ 42 ಕೆಜಿ, ಒಂಬತ್ತಕ್ಕೆ ಸುಮಾರು 0.4 ಟನ್. ಯೂರಿಯಾಕ್ಕೆ ಹೊಗೆಯೆಲ್ಲಿ ಎನ್ನಬೇಡಿ. ಮಣ್ಣಿನಲ್ಲಿ ಅದರ ಸಾರಜನಕದ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ, ಭೂಮಿಯನ್ನು ಕಾಯಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ನಾಲ್ಕು ಚೀಲಕ್ಕೆ ಹತ್ತಿರ ಹತ್ತಿರ ಅರ್ಧ ಟನ್. ಒಟ್ಟು 4.7 ಟನ್. 

ಇನ್ನು ತೋಟ. ಕಂಗು ಬೆಳೆಯುವಷ್ಟು ಕಾಲ ಇಂಗಾಲ ಕಾಂಡದಲ್ಲಿ ಸೇರುತ್ತದೆ. 30 ವರ್ಷದ ಮರದಲ್ಲಿ ಹೊಸದಾಗಿ ಕೂಡುವುದು ಕಡಿಮೆ; ಸೋಗೆ, ಹಾಳೆ ಬಿದ್ದು ಕೊಳೆತಾಗ ಹೀರಿದ್ದು ಮರಳಿ ಗಾಳಿಗೆ. ಕ್ರೆಡಿಟ್ ಎಂದರೆ ಗಾಳಿಗೆ ಸೇರದಂತೆ ತಡೆದ ಇಲ್ಲವೇ ಗಾಳಿಯಿಂದ ಹೀರಿದ ಒಂದು ಟನ್ ಇಂಗಾಲದ ಡೈಆಕ್ಸೈಡ್. ಆ ಯೋಜನೆಯೇ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎನ್ನುವಂಥ ಟನ್. ನಿಮ್ಮ ಅಜ್ಜ ನೆಟ್ಟದ್ದಕ್ಕೆ, ನೀವು ಹೇಗೂ ಉಳಿಸಿಕೊಳ್ಳುವ ತೋಟಕ್ಕೆ ಅದು ಹೊಂದುವುದಿಲ್ಲ. ಹೊಂದಿತೆಂದೇ ಇಟ್ಟುಕೊಳ್ಳಿ, ಮಾರಿದ ಮೇಲೆ ಆ ಟನ್ ಕೊಂಡವರ ಪಾಲು. ಅದೇ ತೋಟ ನಿಮ್ಮ ಜೀಪಿನ ಹೊಗೆಯನ್ನೂ ತೊಳೆಯುತ್ತದೆ ಎಂದರೆ ಒಂದೇ ಅಡಕೆಯನ್ನು ಎರಡು ಅಂಗಡಿಗೆ ತೂಗಿದ ಹಾಗೆ.

ಗೋಬರ್ ಗ್ಯಾಸ್ ಮಾಡಿ, ಆದರೆ ಚಿಕ್ಕದು. 1 ಘನ ಮೀಟರಿನ ಘಟಕಕ್ಕೆ ದಿನಕ್ಕೆ 25 ಕೆಜಿ ಸೆಗಣಿ, ಅಷ್ಟೇ ನೀರು ಸಾಕು. ಅದರ ಅನಿಲ 450 ಗ್ರಾಂ ಎಲ್‌ಪಿಜಿಗೆ ಸಮ, ನಿಮ್ಮ ಖರ್ಚು ದಿನಕ್ಕೆ 350 ಗ್ರಾಂ. ದೊಡ್ಡದು ಕಟ್ಟಿಸಿದರೆ ಉರಿಸಲಾಗದ ಅನಿಲ ಗಾಳಿಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಕೆಟ್ಟದ್ದು. ಎಂಟರಲ್ಲೊಂದು ಪಾಲು ಸೋರಿದರೂ ಸಿಲಿಂಡರ್ ಬಿಟ್ಟ ಲಾಭವೆಲ್ಲ ಅಳಿಸಿಹೋಗುತ್ತದೆ. ಆರು ತಿಂಗಳಿಗೊಮ್ಮೆ ಜಾಯಿಂಟುಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ನೋಡಿ. ಜ್ವಾಲೆ ನಡುಗಿದರೆ ಪೈಪಿನಲ್ಲಿ ನೀರು ನಿಂತಿದೆ. ಪೈಪಿನ ಅತಿ ತಗ್ಗಿನ ಕಡೆ ನೀರು ಬಸಿಯುವ ನಲ್ಲಿ ಇಡಿಸಿ. ಕೋಳಿಗೂಡಿನ ಫಿನಾಯಿಲ್ ನೀರು ಸೆಗಣಿಗೆ ಬೆರೆತರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅನಿಲ ನಿಲ್ಲುತ್ತದೆ.

ಹೆಚ್ಚು ಇಳಿಯುವುದು ಕರೆಂಟಿನಲ್ಲೇ. ನಿಮ್ಮ ಪಕ್ಕದ ಪೈವಳಿಕೆ, ಮೀಂಜ, ಚಿಪ್ಪಾರಿನಲ್ಲಿ 50 ಮೆಗಾವಾಟಿನ ಸೌರ ಸ್ಥಾವರ 2021ರಲ್ಲಿ ಉದ್ಘಾಟನೆಯಾಯಿತು. ಬಿಸಿಲು ಸಾಕೇ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮಾಡಿನ ಮೇಲೆ 2 ಕಿಲೋವಾಟ್ ಹಾಕಿದರೆ ವರ್ಷಕ್ಕೆ 2,500 ಯೂನಿಟ್ ಮೇಲೆ ಬಂದೀತು. ಜೋರು ಮಳೆಯ ಆಟಿ ತಿಂಗಳಲ್ಲಿ ತೀರಾ ಇಳಿಯುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಅಷ್ಟಕ್ಕೆ 60,000 ರೂಪಾಯಿ ಸಹಾಯಧನ, ಮನೆಯ ಕನೆಕ್ಷನ್ನಿಗೆ ಮಾತ್ರ. ಮುಖ ದಕ್ಷಿಣಕ್ಕಿರಲಿ. ಒಂದು ತೆಂಗಿನ ಸೋಗೆಯ ನೆರಳು ಒಂದು ಪ್ಯಾನೆಲ್ಲಿಗೆ ಬಿದ್ದರೂ ಅದರ ಸಾಲಿನದ್ದೆಲ್ಲ ಕುಗ್ಗುತ್ತದೆ. ಬ್ಯಾಟರಿ ಇಲ್ಲದೆ ಕರೆಂಟಿನ ಲೈನಿಗೇ ಜೋಡಿಸುವ ಆನ್‌ಗ್ರಿಡ್ ವ್ಯವಸ್ಥೆ ಕರೆಂಟು ಹೋದಾಗ ಲೈನಿನಲ್ಲಿ ಕೆಲಸ ಮಾಡುವವರ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಹಾಕಿಸಿಕೊಂಡ ಮೇಲೆ ಬೈಯುವವರೇ ಹೆಚ್ಚು, ಮೊದಲೇ ತಿಳಿದಿರಲಿ.

ಏಜೆಂಟರು ಮತ್ತೆ ಬಂದರೆ ಕೇಳಿ: ಕಾರ್ಬನ್ ಕ್ರೆಡಿಟ್ ನೋಂದಾಯಿಸುವ ಸಂಸ್ಥೆಗಳಾದ ವೆರಾದಲ್ಲಿ ಯೋಜನೆ ಇದೆಯೋ ಗೋಲ್ಡ್ ಸ್ಟ್ಯಾಂಡರ್ಡ್‌ನಲ್ಲೋ, ಅದರ ನೋಂದಣಿ ಸಂಖ್ಯೆ ಏನು? ಪರಿಶೀಲನೆಯ ಖರ್ಚು ಯಾರದು? ಹಳದಿ ರೋಗಕ್ಕೆ ತೋಟ ಹೋಗಿ, ಕಂಗು ಕಡಿದು ರಬ್ಬರ್ ಹಾಕಿದರೆ ಹಣ ವಾಪಸು ಕೊಡಬೇಕೇ? ಒಪ್ಪಂದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಕನ್ನಡ ಪ್ರತಿ ಕೇಳಿ, ವಕೀಲರಿಗೆ ತೋರಿಸಿದ ಮೇಲೆಯೇ ಪೆನ್ನು ಹಿಡಿಯಿರಿ.